ವೆಸ್ಟ್ ಇಂಡೀಸ್ ಒಕ್ಕೂಟ ನಾಲ್ಕೇ ವರ್ಷಕ್ಕೆ ಮುರಿದದ್ದೇಕೆ?

ವೆಸ್ಟ್ ಇಂಡೀಸ್ ಎಂದರೆ ನಮಗೆ ಕ್ರಿಕೆಟ್ ತಂಡ. ಅದೇ ಹೆಸರಿನಲ್ಲಿ ಒಂದು ಒಕ್ಕೂಟ ಸರ್ಕಾರವೂ ಇತ್ತು. 1947ರ ಮಾಂಟೆಗೊ ಬೇ ಸಮ್ಮೇಳನದಿಂದ ಹನ್ನೊಂದು ವರ್ಷ ಮಾತುಕತೆ ನಡೆದು, 1958ರ ಜನವರಿ 3ರಂದು ಕೆರಿಬಿಯನ್ ಸಮುದ್ರದಲ್ಲಿ ಬ್ರಿಟಿಷರ ಅಧೀನದ ಹತ್ತು ದ್ವೀಪ ಘಟಕಗಳು ಒಂದಾದವು. 1962ರ ಮೇ 31ಕ್ಕೆ ಎಲ್ಲವೂ ಮುಗಿಯಿತು.

ಸಾಮಾನ್ಯವಾಗಿ ಹೇಳುವ ಕಾರಣ ದೂರ. ಜಮೈಕಾದ ಕಿಂಗ್‌ಸ್ಟನ್‌ನಿಂದ ಒಕ್ಕೂಟದ ರಾಜಧಾನಿ, ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ಗೆ 1,800 ಕಿ.ಮೀ.ಗೂ ಹೆಚ್ಚು, ನಡುವೆ ಬರೀ ಸಮುದ್ರ. ಆದರೆ ಒಕ್ಕೂಟವನ್ನು ಕೆಡವಿದ್ದು ಸಮುದ್ರಕ್ಕಿಂತ ಹೆಚ್ಚಾಗಿ ಅದರ ಖಜಾನೆಯ ವ್ಯವಸ್ಥೆ.

ಮೊದಲ ಐದು ವರ್ಷ ಒಕ್ಕೂಟದ ಕೇಂದ್ರ ಸರ್ಕಾರ ಆದಾಯ ತೆರಿಗೆ ಹಾಕುವಂತಿರಲಿಲ್ಲ. ಘಟಕಗಳು ಕೊಡುವ ವಂತಿಗೆಯೇ ಮುಖ್ಯ ಆಧಾರ. ವರ್ಷಕ್ಕೆ ಸುಮಾರು 90 ಲಕ್ಷ ವೆಸ್ಟ್ ಇಂಡಿಯನ್ ಡಾಲರ್‌ನಲ್ಲಿ ವಿಶ್ವವಿದ್ಯಾಲಯ, ಸೇನಾ ದಳ, ಕಚೇರಿಗಳು ಎಲ್ಲವೂ ನಡೆಯಬೇಕು. ದ್ವೀಪದಿಂದ ದ್ವೀಪಕ್ಕೆ ಹೋಗುವ ಸರಕಿನ ಮೇಲಿನ ಸುಂಕ ಹಾಗೇ ಉಳಿಯಿತು. ಹೀಗಿರುವಾಗ ಒಕ್ಕೂಟದಿಂದ ತನಗೇನು ಸಿಕ್ಕಿತು ಎಂದು ಸಾಮಾನ್ಯ ಮತದಾರನಿಗೆ ತೋರಿಸುವುದಾದರೂ ಏನನ್ನು?

ಜಮೈಕಾದ ಲೆಕ್ಕ ನೋಡಿ. ಒಟ್ಟು ಜನಸಂಖ್ಯೆಯಲ್ಲಿ ಅದರ ಪಾಲು ಅರ್ಧಕ್ಕಿಂತ ಹೆಚ್ಚು, ವಂತಿಗೆಯಲ್ಲಿ ಸುಮಾರು ಶೇ 43. ಸಂಸತ್ತಿನಲ್ಲಿ ಮಾತ್ರ 45ಕ್ಕೆ 17 ಸೀಟು, ಅಂದರೆ ಶೇ 38. ತೆರಿಗೆ ಪಾಲು, ಕ್ಷೇತ್ರ ಮರುವಿಂಗಡಣೆಯ ಚರ್ಚೆ ಕೇಳುತ್ತಿರುವ ಕನ್ನಡಿಗರಿಗೆ ಈ ಅಸಮಾಧಾನ ಬಿಡಿಸಿ ಹೇಳಬೇಕಿಲ್ಲ. ಇದರ ಮೇಲೆ, ಐದು ವರ್ಷದ ನಂತರ ಹಾಕುವ ತೆರಿಗೆಯನ್ನು ಹಿಂದಿನ ವರ್ಷಗಳಿಗೂ ಅನ್ವಯಿಸಬಹುದು ಎಂಬ ಮಾತು 1958ರಲ್ಲೇ ಕೇಂದ್ರದ ಕಡೆಯಿಂದ ಬಂತು. ಜಮೈಕಾ ಕೆರಳಿತು.

ಟ್ರಿನಿಡಾಡ್‌ನದು ತದ್ವಿರುದ್ಧ ನಿಲುವು: ಕೇಂದ್ರ ಬಲವಾಗಬೇಕು, ಆರ್ಥಿಕ ಯೋಜನೆ ಅದರ ಕೈಯಲ್ಲಿರಬೇಕು. ಆದರೆ ಬಡ ದ್ವೀಪಗಳ ಜನ ಕೆಲಸ ಹುಡುಕಿಕೊಂಡು ತನ್ನಲ್ಲಿಗೇ ಬಂದಾರು ಎಂಬ ಭಯ ಅದಕ್ಕೂ ಇತ್ತು. ಎರಡು ದೊಡ್ಡ ಘಟಕಗಳ ನಾಯಕರಾದ ಜಮೈಕಾದ ನಾರ್ಮನ್ ಮ್ಯಾನ್ಲಿ, ಟ್ರಿನಿಡಾಡ್‌ನ ಎರಿಕ್ ವಿಲಿಯಮ್ಸ್ ಇಬ್ಬರೂ ಕೇಂದ್ರ ಸಂಸತ್ತಿಗೆ ಸ್ಪರ್ಧಿಸಲೇ ಇಲ್ಲ. ಬಾರ್ಬಡೋಸ್‌ನ ಗ್ರಾಂಟ್ಲಿ ಆಡಮ್ಸ್ ಪ್ರಧಾನಿಯಾದರು. ನಿಜವಾದ ಅಧಿಕಾರ ದ್ವೀಪಗಳಲ್ಲೇ ಉಳಿಯಿತು.

1961ರ ಲಂಡನ್ ಸಭೆಯಲ್ಲಿ ಜಮೈಕಾ ಕೇಳಿದ್ದು ಬಹುಮಟ್ಟಿಗೆ ಸಿಕ್ಕಿತು. ಸೀಟು ಅರ್ಧದ ಹತ್ತಿರಕ್ಕೆ ಏರಲಿತ್ತು, ಆದಾಯ ತೆರಿಗೆಯನ್ನು ಕೇಂದ್ರದ ಕೈಗೆ ಸುಲಭವಾಗಿ ಸಿಗದಂತೆ ಇಡಲಾಯಿತು. ಆ ರಿಯಾಯಿತಿ ಬರುವ ಹೊತ್ತಿಗೆ ಕಾಲ ಮಿಂಚಿತ್ತು. ಸೆಪ್ಟೆಂಬರ್ 19ರ ಜನಮತಗಣನೆಯಲ್ಲಿ ಜಮೈಕಾದಲ್ಲಿ ಮತ ಹಾಕಿದವರ ಪೈಕಿ ಶೇ 54ರಷ್ಟು ಜನ ಒಕ್ಕೂಟ ಬೇಡವೆಂದರು. ಹತ್ತರಲ್ಲಿ ಒಂದು ಹೋದರೆ ಉಳಿಯುವುದು ಸೊನ್ನೆ ಎಂದು ವಿಲಿಯಮ್ಸ್ ಹೇಳಿದರು, ಟ್ರಿನಿಡಾಡ್ ಕೂಡ ಹೊರನಡೆಯಿತು. 1962ರ ಆಗಸ್ಟ್‌ನಲ್ಲಿ ಎರಡೂ ಬೇರೆಬೇರೆಯಾಗಿ ಸ್ವತಂತ್ರವಾದವು. ಉಳಿದ ಎಂಟು ಘಟಕಗಳು ಸೇರಿ ಇನ್ನೊಂದು ಒಕ್ಕೂಟ ಕಟ್ಟುವ ಪ್ರಯತ್ನವೂ ಕೈಗೂಡಲಿಲ್ಲ. ಬಾರ್ಬಡೋಸ್ 1966ರಲ್ಲಿ ತನ್ನ ಪಾಡಿಗೆ ತಾನು ಸ್ವತಂತ್ರವಾಯಿತು.