ಆಕ್ಸಿಜನ್ ಜಾಸ್ತಿ ಕೊಟ್ಟರೆ ಸಾಕಲ್ವಾ, ಡಾಕ್ಟ್ರೇ?

ಐಸಿಯು ಬಾಗಿಲಲ್ಲಿ ನಿಂತು ಇದನ್ನು ಕೇಳಿದ್ದು ಮದ್ದೂರು ಕಡೆಯ ಹುಡುಗ. ಅವರಪ್ಪನಿಗೆ ಅವತ್ತು ಮೈಸೂರಿನಲ್ಲಿ ಬೈಪಾಸ್ ಆಪರೇಷನ್ ಆಗಿತ್ತು. "ಆಪರೇಷನ್ ಹಾರ್ಟಿಗೆ ತಾನೇ ಸಾರ್? ಉಸಿರಿಗೆ ಯಾಕೆ ತೊಂದರೆ ಆಯ್ತು?" ಅಂತ ಅವನ ಇನ್ನೊಂದು ಪ್ರಶ್ನೆ. ಹೃದಯದ ಆಪರೇಷನ್‌ಗಳಿಗೆ ಅರಿವಳಿಕೆ ಕೊಡುವುದು ನನ್ನ ಕೆಲಸ. ಅವತ್ತು ನಿಂತಲ್ಲೇ ಎರಡು ಮಾತು ಹೇಳಿ ಬಂದೆ. ಅಷ್ಟು ಸಾಲದು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹೃದಯ ನಿಲ್ಲಿಸಿ ಆಪರೇಷನ್ ಮಾಡುವಾಗ ಅದರ ಕೆಲಸ, ಶ್ವಾಸಕೋಶದ ಕೆಲಸ ಎರಡನ್ನೂ ಹಾರ್ಟ್-ಲಂಗ್ ಮಿಷನ್ ಮಾಡುತ್ತದೆ. ನಾವು ಅದನ್ನು ಸುಮ್ನೆ ಪಂಪ್ ಅನ್ನುತ್ತೇವೆ. 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಇದನ್ನು ಬಳಸಿ ಮೊದಲ ಬಾರಿಗೆ ಯಶಸ್ವಿಯಾಗಿ ಹೃದಯದ ಆಪರೇಷನ್ ಮಾಡಿದರು. ಪಂಪ್ ಓಡುವಷ್ಟು ಹೊತ್ತು ವೆಂಟಿಲೇಟರ್ ಸಾಮಾನ್ಯವಾಗಿ ನಿಂತಿರುತ್ತದೆ. ಗಾಳಿ ಆಡದ ಶ್ವಾಸಕೋಶ ಕುಗ್ಗುತ್ತದೆ. ಅದರೊಳಗಿನ ಸಣ್ಣ ಸಣ್ಣ ಗಾಳಿ ಚೀಲಗಳು ಮುಚ್ಚಿಕೊಳ್ಳುತ್ತವೆ. ಎಡಗಡೆಯ ಕೆಳಭಾಗಕ್ಕೆ ಇದು ಜಾಸ್ತಿ. ಬೀಡಿ ಸೇದಿದವರಿಗೆ ಕಫ ಬೇರೆ.

ಆ ಹುಡುಗನ ಅಪ್ಪ, ಯಜಮಾನರು, ಆಲೆಮನೆಯಲ್ಲಿ ದುಡಿದವರು. 30 ವರ್ಷ ಬೀಡಿ ಸೇದಿದವರು. ಪಂಪಿನಿಂದ ಇಳಿಸಿದ ಮೇಲೆ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ, 100ಕ್ಕೆ 89ಕ್ಕೆ ಬಂತು. ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ಹೇಳುವುದುಂಟು. ಅದಕ್ಕೇ ರಕ್ತ ತೆಗೆದು ಎಬಿಜಿ ನೋಡಿದೆವು, ಅಂದರೆ ಅಪಧಮನಿಯ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ. ಆಕ್ಸಿಜನ್ ಒತ್ತಡ 58. ಅದೂ 100ಕ್ಕೆ 100 ಆಕ್ಸಿಜನ್ ಕೊಡುತ್ತಿರುವಾಗ! ಚೆನ್ನಾಗಿರುವ ಶ್ವಾಸಕೋಶವಾದರೆ ಅಷ್ಟು ಆಕ್ಸಿಜನ್‌ಗೆ 400 ದಾಟಬೇಕು.

ಮಂಡ್ಯದ ಕಡೆಯವರಿಗೆ ಇದನ್ನು ನಾಲೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಹೊಳೆಯುತ್ತದೆ. ಕಾಲುವೆಯಲ್ಲಿ ನಡುವೆ ಹೂಳು ಕಟ್ಟಿದೆ ಅಂದುಕೊಳ್ಳಿ. ತೂಬು ಎಷ್ಟೇ ಎತ್ತಿ, ಮೇಲಿನ ಗದ್ದೆಗಳು ತುಂಬಿ ತುಳುಕುತ್ತವೆ, ಕೊನೇ ಭಾಗದ ಗದ್ದೆ ಒಣಗಿಯೇ ಇರುತ್ತದೆ. ಶ್ವಾಸಕೋಶದಲ್ಲೂ ಹಾಗೇ. ತೆರೆದಿರುವ ಚೀಲಗಳ ಹತ್ತಿರ ಹಾಯುವ ರಕ್ತಕ್ಕೆ ಆಗಲೇ ಹೊಟ್ಟೆ ತುಂಬ ಆಕ್ಸಿಜನ್ ಸಿಕ್ಕಿದೆ. ಮುಚ್ಚಿದ ಚೀಲಗಳ ಹತ್ತಿರ ಹೋದ ರಕ್ತ ಕಪ್ಪಗೇ ವಾಪಸ್ ಬಂದು ಅದರೊಳಗೆ ಬೆರೆಯುತ್ತದೆ. ಇಲ್ಲಿ ಬೇಕಾದದ್ದು ಹೂಳು ತೆಗೆಯುವುದು.

ಹೀಗಾದಾಗ ಮೊದಲು ಶ್ವಾಸನಾಳಕ್ಕೆ ಇಳಿಸಿದ ಉಸಿರಿನ ಟ್ಯೂಬ್ ಎಲ್ಲಿದೆ ಅಂತ ನೋಡುತ್ತೇನೆ. ಇದು ನನಗೆ ಅಭ್ಯಾಸವಾದದ್ದಕ್ಕೆ ಒಂದು ಕಾರಣ ಇದೆ. ಕಲಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಸ್ಯಾಚುರೇಷನ್ ಇಳಿದಾಗ ಆಕ್ಸಿಜನ್, ಒತ್ತಡ ಎರಡನ್ನೂ ಏರಿಸುತ್ತಾ ನಿಂತಿದ್ದೆ. ಎಡ ಶ್ವಾಸಕೋಶ ಆಡುತ್ತಲೇ ಇಲ್ಲ ಅಂತ ತೋರಿಸಿದವರು ನನ್ನ ಸೀನಿಯರ್ ಮೇಡಂ. ಹೃದಯವನ್ನು ಸ್ಕ್ಯಾನ್ ಮಾಡಿ ನೋಡುವ ಎಕೋ ಪ್ರೋಬನ್ನು ಅನ್ನನಾಳಕ್ಕೆ ಇಳಿಸುವಾಗ ಟ್ಯೂಬ್ ಜಾರಿ ಬಲಗಡೆಯ ಕವಲಿಗೆ ಹೋಗಿಬಿಟ್ಟಿತ್ತು. ಎರಡು ಸೆಂಟಿಮೀಟರ್ ಹಿಂದಕ್ಕೆ ಎಳೆದರು. ಸರಿಹೋಯಿತು. ಅಷ್ಟು ಹೊತ್ತು ಆ ರೋಗಿ ಪಟ್ಟ ಪಾಡು ನನಗೆ ಇವತ್ತಿಗೂ ಮರೆತಿಲ್ಲ.

ಈ ಯಜಮಾನರ ಟ್ಯೂಬ್ ಜಾಗದಲ್ಲೇ ಇತ್ತು. ಟ್ಯೂಬಿನೊಳಗೆ ಸಕ್ಷನ್ ಹಾಕಿ ಹೀರಿದಾಗ ಗಟ್ಟಿ ಕಫ ಬಂತು. ಎದೆ ತೆರೆದೇ ಇತ್ತಲ್ಲ, ಪರದೆಯ ಮೇಲಿಂದ ಬಗ್ಗಿ ನೋಡಿದೆ. ಎಡಗಡೆಯ ಕೆಳಭಾಗ ಈಲಿಯ ಬಣ್ಣಕ್ಕೆ ತಿರುಗಿ ಮುದುಡಿ ಕೂತಿತ್ತು. ಸರ್ಜನ್‌ಗೆ ಹೇಳಿ, ಉಸಿರು ಊದುವ ಬ್ಯಾಗ್ ಕೈಯಲ್ಲಿ ಹಿಡಿದು, 30 ಸೆಂಟಿಮೀಟರ್ ನೀರಿನಷ್ಟು ಒತ್ತಡಕ್ಕೆ ಊದಿ 10 ಸೆಕೆಂಡ್ ನಿಲ್ಲಿಸಿದೆ. ಉಬ್ಬುವ ಶ್ವಾಸಕೋಶ ಹೊಸದಾಗಿ ಜೋಡಿಸಿದ ರಕ್ತನಾಳವನ್ನು ಎಳೆಯಬಾರದು. ಸರ್ಜನ್ ಅದರ ಮೇಲೇ ಕಣ್ಣಿಟ್ಟಿದ್ದರು. ಎದೆಯೊಳಗೆ ಒತ್ತಡ ಏರಿದರೆ ಹೃದಯಕ್ಕೆ ಬರುವ ರಕ್ತ ಕಡಿಮೆಯಾಗುತ್ತದೆ. ಬಿಪಿ 70ಕ್ಕೆ ಬಿತ್ತು. ಕೈ ಬಿಟ್ಟೆ. ಬಿಪಿ ಏರಿದ ಮೇಲೆ ಮತ್ತೆ ಊದಿದೆ. ಮೂರನೇ ಸಲಕ್ಕೆ ಆ ಮುದುಡಿದ ಅಂಚಿನಲ್ಲಿ ಒಂದೊಂದೇ ಗುಲಾಬಿ ಚುಕ್ಕೆ ಎದ್ದು, ಹರಡಿಕೊಂಡು, ಇಡೀ ಭಾಗ ಬಿರಿಯಿತು. ಎಷ್ಟು ಸಲ ನೋಡಿದರೂ ನನಗೆ ಆ ಕ್ಷಣ ಹಳೆಯದಾಗಿಲ್ಲ.

ತೆರೆದದ್ದನ್ನು ಹಾಗೇ ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಉಸಿರು ಹೊರಗೆ ಹೋದ ಮೇಲೂ ಒಳಗೆ ಸ್ವಲ್ಪ ಒತ್ತಡ ಉಳಿಯಬೇಕು. ಅದಕ್ಕೆ ಪೀಪ್ ಅನ್ನುತ್ತೇವೆ. ಇವರಿಗೆ 8 ಸೆಂಟಿಮೀಟರ್ ನೀರಿನಷ್ಟು ಇಟ್ಟೆ. ಆಕ್ಸಿಜನ್ನನ್ನು 100ಕ್ಕೆ 60ಕ್ಕೆ ಇಳಿಸಿದೆ, ಯಾಕೆಂದರೆ ಬರೀ ಆಕ್ಸಿಜನ್ ತುಂಬಿದ ಚೀಲಗಳು ಅದು ರಕ್ತಕ್ಕೆ ಇಳಿದ ಕೂಡಲೇ ಬೇಗ ಕುಸಿಯುತ್ತವೆ. ಒಂದೊಂದು ಉಸಿರಿನ ಅಳತೆಯನ್ನು ಎತ್ತರ ನೋಡಿ ಇಡುತ್ತೇವೆ, ಈಗಿನ ತೂಕ ನೋಡಿ ಅಲ್ಲ. 165 ಸೆಂಟಿಮೀಟರ್ ಎತ್ತರದ ಗಂಡಸು 85 ಕೆಜಿ ಇದ್ದರೂ ಲೆಕ್ಕಕ್ಕೆ ಹಿಡಿಯುವುದು ಸುಮಾರು 61 ಕೆಜಿ. ಕೆಜಿಗೆ 6ರಿಂದ 8 ಮಿಲಿ. ಮನುಷ್ಯ ದಪ್ಪ ಆದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ ಅಲ್ವಾ? ಜಾಸ್ತಿ ಊದಿದರೆ ಅದೇ ಗಾಯ.

ಅರ್ಧ ಗಂಟೆ ಬಿಟ್ಟು ನೋಡಿದ ಎಬಿಜಿಯಲ್ಲಿ ಆಕ್ಸಿಜನ್ ಒತ್ತಡ 140 ಇತ್ತು.

ಎಲ್ಲರಿಗೂ ಇದೇ ಉಪಾಯ ನಡೆಯುವುದಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿರಬಹುದು. ಹೃದಯದ ಮೇಲಿನ ಕೋಣೆಗಳ ನಡುವೆ ಹುಟ್ಟಿನಿಂದ ಉಳಿದ ಸಣ್ಣ ಕಿಂಡಿ ಇರಬಹುದು. ಅಂಥ ಕಿಂಡಿ ಇದ್ದವರಿಗೆ ಪೀಪ್ ಏರಿಸಿದಷ್ಟೂ ಸ್ಯಾಚುರೇಷನ್ ಇನ್ನೂ ಇಳಿಯಬಹುದು. ಅದಕ್ಕೇ ಎಕೋ ಮಾಡಿ ನೋಡಬೇಕು.

ಮಾರನೇ ದಿನ ಬೆಳಿಗ್ಗೆ ಟ್ಯೂಬ್ ತೆಗೆದೆವು. ಎದೆಗೆ ದಿಂಬು ಒತ್ತಿಕೊಂಡು ಕೆಮ್ಮುವುದನ್ನು ಫಿಸಿಯೋಥೆರಪಿಯವರು ಹೇಳಿಕೊಟ್ಟರು. ನೋವಿಗೆ ಹೆದರಿ ಕೆಮ್ಮದಿದ್ದರೆ ತೆರೆದ ಚೀಲಗಳು ಮತ್ತೆ ಮುಚ್ಚುತ್ತವೆ. ಉಸಿರು ಜೋರಾಗಿ ಎಳೆದಷ್ಟೂ ಚೆಂಡು ಮೇಲೇಳುವ ಮೂರು ಚೆಂಡಿನ ಸ್ಪೈರೋಮೀಟರ್ ಕೈಗೆ ಕೊಟ್ಟಾಗ ಅವರು ಒಂದು ಚೆಂಡು ಮಾತ್ರ ಎತ್ತಿದರು. ಗಂಟೆಗೆ 10 ಸಲ ಎಳೆಸುವ ಕೆಲಸ ಮಗ ವಹಿಸಿಕೊಂಡ. "ಇನ್ನೊಂದ್ಸಲ ಎಳಿಯಪ್ಪ" ಅಂತ ಅವನು ಹೇಳುವುದು ವಾರ್ಡಿನ ಆ ಕೊನೆಗೂ ಕೇಳುತ್ತಿತ್ತು. ಮೂರನೇ ಚೆಂಡು ಎದ್ದದ್ದು ಐದನೇ ದಿನ.