'ಯೀ ಓಲ್ಡ್' ಅಂತ ಯಾರೂ ಅನ್ನುತ್ತಿರಲಿಲ್ಲ

ಪ್ರಶ್ನೆ: ಲಂಡನ್ನಿನ ಹಳೇ ಪಬ್‌ಗಳ ಬೋರ್ಡ್ ಮೇಲೆ 'ಯೀ ಓಲ್ಡ್' ಅಂತ ಇರುತ್ತಲ್ಲ, ಆ 'ಯೀ' ಎಲ್ಲಿಂದ ಬಂತು?

ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಮತ್ತೆ ಹೇಳುತ್ತೇನೆ. ಅದು ನಮಗೆಲ್ಲ ಗೊತ್ತಿರುವ 'ದಿ'. ಹಳೇ ಇಂಗ್ಲಿಷಿನಲ್ಲಿ 'ಥಾರ್ನ್' ಅನ್ನುವ ಅಕ್ಷರ ಇತ್ತು. ನೆಟ್ಟಗೆ ಒಂದು ಕಂಬ, ಅದರ ನಡುವಿಗೆ ಬಲಗಡೆ ಒಂದು ಹೊಟ್ಟೆ. ಈಗ ಟಿ, ಎಚ್ ಎರಡೂ ಸೇರಿ ಮಾಡುವ ಕೆಲಸವನ್ನು ಅದೊಂದೇ ಮಾಡುತ್ತಿತ್ತು. ಬರೆಯುತ್ತಾ ಬರೆಯುತ್ತಾ ಆ ಹೊಟ್ಟೆಯ ಮೇಲ್ಭಾಗ ತೆರೆದುಕೊಂಡು ಅಕ್ಷರ 'ವೈ' ಥರ ಕಾಣತೊಡಗಿತು. 1476ರಲ್ಲಿ ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹಾಕಿದ. ಯುರೋಪಿನಿಂದ ಬಂದ ಅಚ್ಚುಮೊಳೆಗಳಲ್ಲಿ ಥಾರ್ನ್ ಇರಲಿಲ್ಲ. ಮುದ್ರಕರು ಅದರ ಜಾಗಕ್ಕೆ ವೈ ಹಾಕಿ, ನೆತ್ತಿಯ ಮೇಲೆ ಪುಟ್ಟ 'ಇ' ಕೂರಿಸಿದರು. ವೈ, ಇ ಸೇರಿದ ಆ 'ದಿ'ಯನ್ನೇ ಈಗ ನಾವು 'ಯೀ' ಅಂತ ಓದುತ್ತಿದ್ದೇವೆ.

ಈಗ ಆ ಹಟಮಾರಿ ನಂಬಿಕೆ: ಆಗಿನವರು 'ಯೀ' ಅಂತಲೇ ಮಾತಾಡುತ್ತಿದ್ದರಂತೆ! ಇಲ್ಲ, ಖಂಡಿತ ಇಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್ ತೆಗೆದು ನೋಡಿ. ಯೋಬನ ಪುಸ್ತಕ, 1ನೇ ಅಧ್ಯಾಯ, 9ನೇ ವಚನದಲ್ಲಿ ಈ ವೈ ರೂಪ ಇದೆ. ಅಕ್ಕಪಕ್ಕದ ವಚನಗಳಲ್ಲಿ ಅದೇ 'ದಿ' ಪೂರ್ತಿ ಕಾಗುಣಿತದಲ್ಲಿದೆ. ಒಂದೇ ಪುಟದಲ್ಲಿ ಒಂದೇ ಪದವನ್ನು ಎರಡು ಥರ ಓದುತ್ತಾರಾ? ಇನ್ನೊಂದು ಸಾಕ್ಷಿ ಕೊಡುತ್ತೇನೆ. 'ದ್ಯಾಟ್' ಪದವನ್ನೂ ವೈ ಹಾಕಿ, ಮೇಲೆ ಪುಟ್ಟ 'ಟಿ' ಕೂರಿಸಿ ಬರೆಯುತ್ತಿದ್ದರು. ಅದನ್ನು 'ಯಾಟ್' ಅಂತ ಓದುತ್ತಿದ್ದರು ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಇಲ್ಲ ಅಲ್ವಾ? ಹಾಗಾದರೆ ಇದೊಂದಕ್ಕೆ ಮಾತ್ರ ಯಾಕೆ ಬೇರೆ ನ್ಯಾಯ?

'ನೀವು' ಅನ್ನುವ ಅರ್ಥದ ಹಳೇ 'ಯೀ' ಒಂದಿದೆ, ನಿಜ. ಅದರ ಮೂಲವೇ ಬೇರೆ, ಅದು ಹುಟ್ಟಾ ಯ-ಕಾರದ್ದೇ. ಎರಡನ್ನೂ ಕಲಸಬೇಡಿ. ಅಂಗಡಿ ಬೋರ್ಡಿಗೆ 'ಯೀ ಓಲ್ಡ್' ಬರೆಸಿ ಹಳೇ ಕಳೆ ಕಟ್ಟುವ ಖಯಾಲಿ ಜೋರಾಗಿದ್ದು 19ನೇ ಶತಮಾನದಲ್ಲಿ. ಅಷ್ಟರಲ್ಲಿ ಥಾರ್ನ್ ಅನ್ನು ಜನ ಮರೆತಾಗಿತ್ತು. ಐಸ್‌ಲ್ಯಾಂಡಿನವರು ಮಾತ್ರ ಇವತ್ತಿಗೂ ಅದನ್ನು ಬರೆಯುತ್ತಾರೆ.

ಯಾರೂ ಕೇಳಲಿಲ್ಲ, ಆದರೂ ನಮ್ಮ ಹಳಗನ್ನಡದ 'ೞ' ಅಕ್ಷರದ ಬಗ್ಗೆ ಹೇಳದೆ ಇರಲಾರೆ. ಇಂಗ್ಲಿಷಿನಲ್ಲಿ ಅಕ್ಷರ ಹೋಯಿತು, ಉಚ್ಚಾರ ಉಳಿಯಿತು. ನಮ್ಮಲ್ಲಿ ಉಚ್ಚಾರವೇ ಮೊದಲು ಹೋಯಿತು. 'ಏೞು' ಏಳಾಯಿತು, 'ಪೞೆಯ' ಹಳೆಯ ಆಯಿತು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ಈ ಅಕ್ಷರವನ್ನು 'ರಳ' ಅಂತ ಕರೆದ. ಆಗಲೇ ಜನ ಇದನ್ನು ಳ-ಕಾರದ ಜೊತೆ ಬೆರೆಸುತ್ತಿದ್ದರು. ಯಾವ ಯಾವ ಪದಕ್ಕೆ 'ೞ' ಬರಬೇಕು ಅಂತ ಅವನು ಪಟ್ಟಿಯನ್ನೇ ಕೊಟ್ಟಿದ್ದಾನೆ.