ಹುಲ್ಲು ಬಯಲು ತಾನೇ, ಉತ್ತರೆ ನಷ್ಟವೇನು?

ಪ್ರಶ್ನೆ: ಅಮೆಜಾನ್ ಕಾಡು ಕಡಿಯುವುದು ತಪ್ಪು, ಒಪ್ಪಿದೆ. ಆದರೆ ಸವನ್ನಾ ಎಂದರೆ ಹುಲ್ಲು, ಅಲ್ಲೊಂದು ಇಲ್ಲೊಂದು ಕುಳ್ಳ ಮರ. ಅಲ್ಲಿ ಬೆಳೆ ತೆಗೆದರೆ ಯಾರಿಗೇನು ನಷ್ಟ?

ಉತ್ತರ: ಬ್ರೆಜಿಲ್‌ನ ನಡುಭಾಗದಲ್ಲಿ ಸೆರಾಡೊ ಎಂಬ ಸವನ್ನಾ ಇದೆ. ಸುಮಾರು 20 ಲಕ್ಷ ಚದರ ಕಿಲೋಮೀಟರ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಈಗ ಹೊಲವೋ ದನ ಮೇಯಿಸುವ ಬಯಲೋ ಆಗಿದೆ.

ಲಾಭವನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಅಲ್ಲಿನ ಮಣ್ಣು ಹುಳಿ, ಅಲ್ಯೂಮಿನಿಯಂ ಜಾಸ್ತಿ, ರಂಜಕ ಕಡಿಮೆ. ಬೇಸಾಯಕ್ಕೆ ಬಾರದ ನೆಲವೆಂದೇ ಬಿಟ್ಟಿದ್ದರು. 1973ರಲ್ಲಿ ಶುರುವಾದ ಸರ್ಕಾರಿ ಸಂಶೋಧನಾ ಸಂಸ್ಥೆ ಎಂಬ್ರಾಪಾದ ವಿಜ್ಞಾನಿಗಳು ಟನ್‌ಗಟ್ಟಲೆ ಸುಣ್ಣ ಹಾಕಿಸಿ ಹುಳಿ ಇಳಿಸಿದರು, ತಂಪು ಸೀಮೆಯ ಸೋಯಾವನ್ನು ಉಷ್ಣವಲಯಕ್ಕೆ ಒಗ್ಗಿಸಿದರು. ಬ್ರೆಜಿಲ್ ಇಂದು ಜಗತ್ತಿಗೇ ಅತಿ ಹೆಚ್ಚು ಸೋಯಾ ಮಾರುವ ದೇಶ. 2006ರ ವಿಶ್ವ ಆಹಾರ ಪ್ರಶಸ್ತಿ ಬಂದದ್ದೂ ಸೆರಾಡೊವನ್ನು ಹೊಲ ಮಾಡಿದ್ದಕ್ಕೇ.

ನಷ್ಟ ಕಾಣಿಸದು, ಏಕೆಂದರೆ ಅದು ನೆಲದಡಿಯದು. ಸೆರಾಡೊವನ್ನು ತಲೆಕೆಳಗಾದ ಕಾಡು ಎನ್ನುತ್ತಾರೆ. ವರ್ಷಕ್ಕೆ ಐದಾರು ತಿಂಗಳು ಮಳೆಯಿಲ್ಲ, ಆಗಾಗ ಬೆಂಕಿ. ಹೀಗಾಗಿ ಗಿಡಗಳು ಬಂಡವಾಳವನ್ನೆಲ್ಲ ಬೇರಿನಲ್ಲಿ ಹೂಡಿವೆ. ಆಳುದ್ದದ ಮರದ ಬೇರು ಅದರ ಹಲವು ಪಟ್ಟು ಕೆಳಗಿಳಿದಿರುತ್ತದೆ. ನೆಲ ಉತ್ತಾಗ ಆ ಬೇರುಗಳಲ್ಲಿದ್ದ ಇಂಗಾಲ ಗಾಳಿ ಸೇರುತ್ತದೆ. ಒಣ ತಿಂಗಳಲ್ಲೂ ಆಳದ ನೀರು ಹೀರಿ ಎಲೆಯಿಂದ ಹೊರಬಿಡುತ್ತಿದ್ದ ಮರ ಹೋಗಿ, ಮೇಲುಬೇರಿನ, ನಾಲ್ಕು ತಿಂಗಳ ಬೆಳೆ ಬರುತ್ತದೆ. ಗಾಳಿಯ ತೇವ ಇಳಿದು ಬಿಸಿ ಏರುತ್ತದೆ. ಅದರ ಪೆಟ್ಟು ಸೋಯಾಕ್ಕೂ ಬೀಳದೆ ಇರುತ್ತದೆಯೇ?

ಸಾವೊ ಫ್ರಾನ್ಸಿಸ್ಕೊದಂಥ ದೊಡ್ಡ ನದಿಗಳಿಗೂ ಸೆರಾಡೊದ ನೀರೇ ಆಧಾರ. ಲಾಭ ಹೊಳೆಯ ನೀರೆತ್ತುವ ಮೇಲಿನ ದೊಡ್ಡ ಜಮೀನಿಗೆ, ಬತ್ತಿದ ಹೊಳೆ ಕೆಳಗಿನ ಊರಿಗೆ. 2017ರ ನವೆಂಬರ್‌ನಲ್ಲಿ ಬಹಿಯಾ ರಾಜ್ಯದ ಕೊರೆಂಟಿನಾದಲ್ಲಿ ಸಾವಿರಾರು ಜನ ಬೀದಿಗಿಳಿದದ್ದು ಇಂಥ ಹೊಳೆ ನೀರಿಗಾಗಿಯೇ.

ಕಾನೂನು ಕೂಡ ನಿಮ್ಮಂತೆಯೇ ಯೋಚಿಸಿತು ಅನ್ನಿ. ಅಮೆಜಾನ್ ಕಾಡಿನಲ್ಲಿ ಜಮೀನಿದ್ದವರು 80% ಹಾಗೇ ಬಿಡಬೇಕು. ಸೆರಾಡೊದ ಬಹುಪಾಲು ಕಡೆ 20% ಬಿಟ್ಟರೆ ಸಾಕು. ಹೊಸದಾಗಿ ಕಾಡು ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲವೆಂದು ವ್ಯಾಪಾರಿಗಳು 2006ರಲ್ಲಿ ಮಾಡಿಕೊಂಡ ಒಪ್ಪಂದವೂ ಅಮೆಜಾನ್‌ಗಷ್ಟೇ ಆಗಿತ್ತು.

ಹಾಗಾದರೆ ಬೆಳೆಯುವುದೆಲ್ಲಿ? ಬ್ರೆಜಿಲ್‌ನಲ್ಲಿ ಆಗಲೇ ಕಡಿದು, ದನ ಮೇಯಿಸಿ, ಸತ್ವ ಕಳೆದ ನೆಲವೇ ಕೋಟಿಗಟ್ಟಲೆ ಹೆಕ್ಟೇರ್ ಇದೆ. ಸುಣ್ಣ, ಗೊಬ್ಬರ ಕೊಟ್ಟರೆ ಅದರಲ್ಲಿ ಬಹಳಷ್ಟು ಎದ್ದು ನಿಲ್ಲುತ್ತದೆ. ತೊಡಕಿರುವುದು ದುಡ್ಡಿನದು: ಎಷ್ಟೋ ಕಡೆ ಮುಟ್ಟದ ಸವನ್ನಾ ಕೊಳ್ಳುವುದೇ ಅಗ್ಗ.